ತನ್ನ ಕೈಲೆ ಉಣ್ಣೂತನಕ

ಅಂಜನಾ ತೀರಿಕೊಂಡ ಮೇಲೆ ಅವಳ ಹಸಿಗೂಸನ್ನು ಎದೆಗವಚಿಕೊಂಡು ಹುನ್ನೂರಿನ ತನ್ನ ಮನೆಗೆ ತಂದವಳು ಅಕ್ಕ ಸುವರ್ಣಾ.

ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿಯೇ ಆಗಿತ್ತು. ಹೆಣ್ಣು ಕೂಸು ಅಂತ ನರ್ಸು ಹೊರಗೆ ಬಂದು ಹೇಳಿದಾಗ ಅಂಜನಾಳ ಗಂಡ ದುರಗೇಶ ಪೇಢೆ ತರಲು ಓಡಿದ್ದ. ಅವನು ಡಬ್ಬಿ ಹಿಡಿದು ತಿರುಗಿ ಬರುವಷ್ಟರಲ್ಲಿ ಒಳಗೆ ಎಲ್ಲರ ಮುಖ ಬದಲಾಗಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ವಿಜಯಪುರಕ್ಕೆ ಒಯ್ಯಿರಿ ಅಂದರು. ಆಂಬುಲೆನ್ಸಿನಲ್ಲಿ ತಂಗಿಯ ಕೈ ಹಿಡಿದು ಕುಳಿತಿದ್ದ ಸುವರ್ಣಾಳಿಗೆ, ಕೃಷ್ಣಾ ಹೊಳೆಯ ಸೇತುವೆ ಮೇಲೆ ಹೋಗುವಾಗ ಆ ಕೈ ತಣ್ಣಗಾದದ್ದು ತಿಳಿಯಿತು. ಹೇಳಲಿಲ್ಲ. ಮುಂದೆ ಡ್ರೈವರನ ಪಕ್ಕ ಕುಳಿತ ದುರಗೇಶ "ಇನ್ನ ಸ್ವಲ್ಪ ಜೋರ ಹೊಡೀರಿ ಅಣ್ಣಾ" ಅಂತ ಅಂಗಲಾಚುತ್ತಲೇ ಇದ್ದ. ಆ ದನಿಯನ್ನು ನಿಲ್ಲಿಸುವ ಶಕ್ತಿ ಅವಳಲ್ಲಿರಲಿಲ್ಲ.

ದುರಗೇಶ ಬೀಳಗಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ತಾಯಿ ತಂದೆ ಹಿಂದೆಯೇ ಹೋಗಿದ್ದರು, ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದದ್ದು. ಕೂಸನ್ನು ತೊಟ್ಟಿಲಿಗೆ ಹಾಕಿ ರೇಷ್ಮಾ ಅಂತ ಹೆಸರಿಟ್ಟ ದಿನ, ನಾಲ್ಕು ಮಂದಿ ಉಂಡೆದ್ದ ಮೇಲೆ, ಅವನು ಸುವರ್ಣಾಳ ಮುಂದೆ ಬಂದು ಕೈಮುಗಿದು ನಿಂತ.

"ಅಕ್ಕಾರ, ನಮ್ಮವ್ವ ಇದ್ದಿದ್ರ ಮಾತು ಬ್ಯಾರೆ ಇತ್ತು. ಕೂಸು ತನ್ನ ಕೈಲೆ ತಾ ಉಣ್ಣೂತನಕ ನೀವಽ ಜ್ವಾಪಾನ ಮಾಡ್ರಿ. ಆಮ್ಯಾಲ ನಾ ಒಯ್ತೇನಿ."

"ಆತು ತಮ್ಮಾ" ಅಂದಳು ಸುವರ್ಣಾ. ತೊಟ್ಟಿಲಲ್ಲಿದ್ದ ಕೂಸಿಗೆ ಮುಷ್ಟಿ ಬಿಚ್ಚುವುದಕ್ಕೂ ಬರುತ್ತಿರಲಿಲ್ಲ. ಅದು ಗಂಗಾಳದ ಮುಂದೆ ಕುಳಿತು ತುತ್ತು ಕಲಸಿ ತಿನ್ನುವ ದಿನ ಅವತ್ತು ಅವಳಿಗೆ ಯಾವುದೋ ದೂರದ ಊರಿನ ಹಾಗೆ ಕಂಡಿತ್ತು.

ಸುವರ್ಣಾಳಿಗೆ ಮಕ್ಕಳಿರಲಿಲ್ಲ. ಗಂಡ ಪರಮಾನಂದ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಇಬ್ಬರೂ ವಿಜಯಪುರ, ಮಿರಜ ಅಂತ ಡಾಕ್ಟರರ ಬಾಗಿಲು ತಿರುಗಿದ್ದರು. ಒಂದು ದಿನ ಬಸ್ಸಿನಲ್ಲಿ ವಾಪಸು ಬರುವಾಗ "ಇನ್ನ ಸಾಕರಿ" ಅಂತ ಅವಳೇ ಅಂದು ಮುಗಿಸಿದ್ದಳು. ಆಮೇಲೆ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತು. ಊರಿನ ಹುಡುಗರ ಮೂಗು ಒರೆಸುತ್ತ, ಹಾಡು ಹೇಳಿಕೊಡುತ್ತ, ಅವರ ತೂಕ ಹಾಕುತ್ತ ದಿನ ಹೋಗುತ್ತಿದ್ದವು. ಸಂಜೆ ಹುಡುಗರೆಲ್ಲ ತಂತಮ್ಮ ಮನೆಗೆ ಹೋಗಿಬಿಡುತ್ತಿದ್ದರು. ಈಗ ಮೊದಲ ಸಲ ಒಂದು ಕೂಸು ಅವಳ ಜೊತೆಗೇ ಮನೆಗೆ ಬರತೊಡಗಿತು.

ತಂಗಿಯ ಪಾಲಿನದನ್ನು ತಾನು ಕದಿಯಬಾರದು ಅಂತ ಸುವರ್ಣಾ ಮೊದಲಿನಿಂದಲೇ ನಿಶ್ಚಯ ಮಾಡಿಕೊಂಡಿದ್ದಳು. ಗೋಡೆಯ ಮೇಲಿನ ಅಂಜನಾಳ ಫೋಟೋ ತೋರಿಸಿ "ಅವ್ವ" ಅನ್ನುವಳು. ತನ್ನ ಎದೆ ಮುಟ್ಟಿಕೊಂಡು "ದೊಡ್ಡವ್ವ" ಅನ್ನುವಳು. ಎಣ್ಣೆ ಹಚ್ಚುವಾಗ, ಎರೆಯುವಾಗ, ತೂಗುವಾಗ ಅದೇ ಪಾಠ. ಕೂಸು ಅವಳ ತುಟಿಯನ್ನೇ ನೋಡುತ್ತಿತ್ತು.

ಒಂದು ಮುಂಜಾನೆ ಅಂಗನವಾಡಿಯಲ್ಲಿ ಅವಳು ಬೇರೆ ಯಾರದೋ ಹುಡುಗನನ್ನು ತೂಕದ ಜೋಳಿಗೆಯಲ್ಲಿ ಕೂರಿಸಿದ್ದಳು. ಚಾಪೆಯ ಮೇಲಿದ್ದ ರೇಷ್ಮಾ ಅದನ್ನು ನೋಡಿ ಮುಖ ಸಣ್ಣದು ಮಾಡಿ, ಎರಡೂ ಕೈ ಚಾಚಿ, "ವ್ವಾ! ಅವ್ವಾ!" ಅಂತ ಕೂಗಿತು.

ಅಂಗನವಾಡಿಯ ಸಹಾಯಕಿ ಕಸ್ತೂರೆವ್ವ ಕೈಯಲ್ಲಿದ್ದ ಸೌಟು ಬಿಟ್ಟು ಓಡಿಬಂದಳು. "ಟೀಚರ, ಕೇಳಿದ್ರೇನು? ಅವ್ವಾ ಅಂದ್ಲು ನಿಮಗ!"

"ಅವ್ವಾ ಅಲ್ಲ ಬಿಡ. ದೊಡ್ಡವ್ವ ಅನ್ನಾಕ ಹೋಗ್ಯಾಳ. 'ದೊಡ್ಡ' ಅನ್ನೂದು ನಾಲಿಗಿಗೆ ಭಾರ ಆಗೈತಿ."

ಹಾಗಂದಳು ಖರೆ, ಆದರೆ ತೂಕದ ಮುಳ್ಳು ಎಲ್ಲಿ ನಿಂತಿದೆ ಅಂತ ಅವಳ ಕಣ್ಣಿಗೆ ಕಾಣಲೇ ಇಲ್ಲ. ಜೋಳಿಗೆಯ ಹುಡುಗ ಇಳಿಸಿರಿ ಅಂತ ಒದೆಯುತ್ತಿದ್ದ. ಅವಳು ಗೋಡೆಗೆ ಮುಖ ಮಾಡಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.

ಆಮೇಲೆ ತಿದ್ದುವುದನ್ನು ಅವಳು ಸಾವಕಾಶವಾಗಿ ಬಿಟ್ಟಳು. ದೊಡ್ಡವಳಾದ ಮೇಲೆ ತಾನೇ ಕಲಿಯುತ್ತಾಳೆ ಅಂತ ಮನಸ್ಸಿಗೆ ಹೇಳಿಕೊಂಡಳು.

ಮಾತುಗಳು ಒಂದೊಂದಾಗಿ ಬಂದವು. ನಾಯಿಗೆ "ಬಾವ್", ಕುಡಿಯುವ ನೀರಿಗೆ "ನೀನಿ", ಎದುರು ಮನೆಯ ಆಡಿಗೆ "ಮ್ಯಾ". ಎಲ್ಲಕ್ಕಿಂತ ಹೆಚ್ಚು ಪ್ರೀತಿಯದು "ಹೋತು" ಅನ್ನುವ ಮಾತು. ಕಾಗೆ ಹಾರಿದರೆ ಹೋತು, ಬಟ್ಟಲ ಹಾಲು ಮುಗಿದರೆ ಹೋತು. ಕರೆಂಟು ಹೋದರಂತೂ ಕುಣಿದು ಚಪ್ಪಾಳೆ ತಟ್ಟಿ "ಹೋತು! ಹೋತು!" ಪರಮಾನಂದ ಹೆಗಲಿಗೆ ಹಗ್ಗ ಹಾಕಿಕೊಂಡು ಹೊರಡುತ್ತ, "ನಮ್ಮ ಇಲಾಖೆ ಹೆಸರು ನೀನಽ ಕೆಡಸ್ತಿ ನೋಡವಾ" ಅಂತ ನಗುವನು. ಅವನನ್ನು ಅದು "ಅಪ್ಪಾ" ಅನ್ನುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ.

ದುರಗೇಶ ಭಾನುವಾರ ತಪ್ಪಿಸುತ್ತಿರಲಿಲ್ಲ. ಬೀಳಗಿಯಿಂದ ಬೈಕ್ ಮೇಲೆ ಬಾಳೆಹಣ್ಣು, ಬಿಸ್ಕಿಟು ತರುವನು. ಬೈಕಿನ ಸಪ್ಪಳ ಕೇಳಿದ ಕೂಡಲೇ ರೇಷ್ಮಾ ಅಂಬೆಗಾಲಲ್ಲಿ ಬಾಗಿಲಿಗೆ ಹೋಗಿ "ಗಾಡಿ ಬಂತು" ಅನ್ನುವಳು. ಬರಬರುತ್ತ ಅವನಿಗೇ ಆ ಹೆಸರು ನಿಂತಿತು.

"ಗಾಡಿ, ಬಿಕ್ಕಿಟ್ ಕೊಡು."

"ನಾ ಗಾಡಿ ಅಲ್ಲವಾ. ನಾ ಅಪ್ಪ."

"ಅಪ್ಪ ಅಲ್ಲೈತಿ" ಅಂತ ಅದು ಪರಮಾನಂದನ ಕಡೆ ಬೆರಳು ತೋರಿಸುವುದು. ದುರಗೇಶ ನಕ್ಕುಬಿಡುತ್ತಿದ್ದ. ನಕ್ಕ ಮೇಲೆ ಸ್ವಲ್ಪ ಹೊತ್ತು ಬೈಕಿನ ಕನ್ನಡಿಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದ.

ನಡೆಯಲು ಕಲಿತ ಮೇಲೆ ರೇಷ್ಮಾಳ ಬಾಯಲ್ಲಿ ಹೊಸ ಮಾತೊಂದು ಹುಟ್ಟಿತು: "ನಾನಽ." ಚಪ್ಪಲಿ ಹಾಕಲು ಹೋದರೆ "ನಾನಽ" ಅಂತ ಕಸಿದುಕೊಂಡು ಎಡಗಾಲಿನದನ್ನು ಬಲಗಾಲಿಗೆ ಹಾಕುವಳು. ಮೆಟ್ಟಿಲಿನ ಹತ್ತಿರ ಕೈ ಹಿಡಿದರೆ ಕೊಸರಿಕೊಂಡು, ಕುಂಡಿ ಊರಿ ಒಂದೊಂದೇ ಇಳಿಯುವಳು. ಊರಿನ ಹುಡುಗರು ಹೀಗೆ ಮಾಡಿದಾಗ ಸುವರ್ಣಾ ಎಷ್ಟು ಸಲ ಅವರ ತಾಯಂದಿರಿಗೆ "ಮಾಡ್ಲಿ ಬಿಡ್ರಿ, ಹಂಗಽ ಕಲೀತಾವು" ಅಂದಿದ್ದಳೋ ಏನೋ. ಈಗ ಈ ಒಂದು ಹುಡುಗಿ "ನಾನಽ" ಅಂದರೆ ಅವಳ ಎದೆ ಝಲ್ಲೆನ್ನುತ್ತಿತ್ತು. ದುರಗೇಶ ಅವತ್ತು ಆಡಿದ ಮಾತು ದೂರದ ಊರಾಗಿ ಉಳಿದಿರಲಿಲ್ಲ, ಓಣಿಯ ತುದಿಗೆ ಬಂದು ನಿಂತಿತ್ತು.

ಅವಳು ಅದನ್ನು ತಡೆಯಲು ನೋಡಿದಳು. ಯಾರಿಗೂ ಗೊತ್ತಾಗದ ಹಾಗೆ, ತನಗೂ ಪೂರ್ತಿ ಗೊತ್ತಾಗದ ಹಾಗೆ. ಅಂಗನವಾಡಿಯಲ್ಲಿ ಉಳಿದ ಹುಡುಗರು ಸಾಲಾಗಿ ತಟ್ಟೆ ಹಿಡಿದು ಕೂತರೆ "ಬಲಗೈಲೆ, ಬಲಗೈಲೆ ಉಣ್ರಿ" ಅಂತ ಹೇಳಿಕೊಡುವಳು. ರೇಷ್ಮಾಳನ್ನು ಮಾತ್ರ ತೊಡೆಯ ಮೇಲೆ ಹಾಕಿಕೊಂಡು ತಾನೇ ತುತ್ತು ಮಾಡಿ ಬಾಯಿಗಿಡುವಳು. ಆ ಪುಟ್ಟ ಕೈ ತಟ್ಟೆಗೆ ಬಂದರೆ ಮೆಲ್ಲಗೆ ಪಕ್ಕಕ್ಕೆ ಸರಿಸುವಳು.

"ಟೀಚರ, ಅಕಿಗಿ ಒಂದ ಗಂಗಾಳ ಕೊಡ್ರಿ ಈಗ" ಅಂದಳು ಕಸ್ತೂರೆವ್ವ.

"ಚೆಲ್ಲತಾಳ."

"ಎಲ್ಲಾ ಹುಡುಗ್ರೂ ಚೆಲ್ಲತಾವ್ರಿ."

ಸುವರ್ಣಾ ಇನ್ನೊಂದು ತುತ್ತು ಮಾಡಿ ರೇಷ್ಮಾಳ ಬಾಯಿಗಿಟ್ಟಳು.

ಒಂದು ದಿನ ಅವಳು ಜಳಕ ಮಾಡಿ ಬರುವಷ್ಟರಲ್ಲಿ ರೇಷ್ಮಾ ಅಡುಗೆಮನೆಯಲ್ಲಿ ನುಚ್ಚು ಮಜ್ಜಿಗೆಯ ಬಟ್ಟಲನ್ನು ಎಳೆದುಕೊಂಡು, ಕಾಲು ಚಾಚಿ ಕುಳಿತಿತ್ತು. ಮೂಗು, ಗಲ್ಲ, ಹುಬ್ಬಿನ ತನಕ ನುಚ್ಚು. ಬಟ್ಟಲು ಖಾಲಿ. "ನಾನಽ ಉಂಡೆ!" ಅಂತ ಅದು ಮುಖ ಅರಳಿಸಿ ಹೇಳಿತು. ಲೋಕ ಗೆದ್ದವರ ಮುಖ ಅದು. ಸುವರ್ಣಾಳ ಬಾಯಿಂದ ಶಾಬಾಸ್ ಬರಬೇಕಿತ್ತು, ಬರಲಿಲ್ಲ. ಅವಳು ಅವಸರ ಅವಸರವಾಗಿ ಕೂಸಿನ ಮುಖ ತೊಳೆದು, ನೆಲ ಒರೆಸಿ, ಬಟ್ಟಲು ಬೋರಲು ಹಾಕಿದಳು. ಬಾಗಿಲಲ್ಲಿ ಪರಮಾನಂದ ನಿಂತು ನೋಡುತ್ತಿದ್ದ.

"ಉಣ್ಣಾಕ ಬಿಡು ಬೇ ಅಕಿನ್ನ" ಅಂದ ಮೆತ್ತಗೆ.

"ಥಂಡಿ ಆಗತೈತಿ, ಮೈಮ್ಯಾಲ ಸುರಕೋತಾಳ..."

"ಸುವರ್ಣಾ. ನೀ ತಿನಸೂದು ಅಕಿ ಹೊಟ್ಟಿ ಸಲುವಾಗಿ ಅಲ್ಲ."

ಅವಳು ಅವನ ಮೇಲೆ ಹರಿಹಾಯ್ದಳು. ನಿಮಗೇನು ಗೊತ್ತು, ಕಂಬ ಹತ್ತೋದು ಬಿಟ್ಟರೆ ನಿಮಗೇನು ಗೊತ್ತು ಅಂತ ಬಾಯಿಗೆ ಬಂದದ್ದು ಅಂದಳು. ಅವನು ಸುಮ್ಮನೆ ಕೇಳಿಸಿಕೊಂಡು, ಅವಳು ಸುಸ್ತಾಗಿ ಕುಳಿತ ಮೇಲೆ ಪಕ್ಕಕ್ಕೆ ಬಂದು ಕುಳಿತ. ಇಬ್ಬರ ನಡುವೆ ಹುಡುಗಿ ನಿಂತು ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, "ಅವ್ವಾ ಅಳಬ್ಯಾಡ" ಅಂದಿತು. ಅದರ ಬಾಯಿಂದ ಮೂಡಿದ ಮೊದಲ ಸಮಾಧಾನದ ಮಾತು ಅದೇ.

ಭಾನುವಾರ ಬಂದರೆ ಸುವರ್ಣಾ ದುರಗೇಶ ಬರುವ ಮೊದಲೇ ಮಗುವಿಗೆ ಉಣಿಸಿ ಮುಗಿಸುತ್ತಿದ್ದಳು. ಆದರೆ ಒಂದು ಭಾನುವಾರ ಅವನು ಮುಂಜಾನೆಯೇ ಬಂದುಬಿಟ್ಟ. ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿಯ ಅಂಗಿ ತೊಟ್ಟಿದ್ದ. ಏನೋ ಹೇಳಲು ಬಂದಿದ್ದಾನೆ ಅಂತ ಸುವರ್ಣಾಳಿಗೆ ನೋಡಿದ ಕೂಡಲೇ ಅನ್ನಿಸಿತು. ಮಧ್ಯಾಹ್ನ ಗಂಡಸರಿಬ್ಬರಿಗೂ ಬಡಿಸಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ರೇಷ್ಮಾ ಎಲ್ಲಿಂದಲೋ ಓಡಿಬಂದು ದುರಗೇಶನ ಪಕ್ಕ ಚಕ್ಕಳಬಕ್ಕಳ ಹಾಕಿ ಕುಳಿತಳು. ಸುವರ್ಣಾ "ಬಾರವ್ವ, ನಾ ತಿನಸ್ತೇನಿ" ಅನ್ನುವುದರೊಳಗೆ ಅವನ ಗಂಗಾಳದಿಂದ ರೊಟ್ಟಿ ಚೂರು ಮುರಿದು, ಮೊಸರಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡಳು. ಮತ್ತೊಂದು ಚೂರು. ಇನ್ನೊಂದು. ಬಲಗೈಯಿಂದಲೇ.

ದುರಗೇಶ ಉಣ್ಣುವುದನ್ನು ಬಿಟ್ಟು ನೋಡುತ್ತ ಕುಳಿತ. "ಅಕ್ಕಾರ, ಉಣ್ಣಾಕತ್ತಾಳಲ್ರಿ! ತನ್ನ ಕೈಲೆ ತಾನಽ ಉಣ್ಣಾಕತ್ತಾಳ!" ಅಂತ ಮುಖವೆಲ್ಲ ನಗುವಾದ. ಹಳೆಯ ಮಾತು ನೆನಪಾದದ್ದು ಆಮೇಲೆ. ನಗು ಅಲ್ಲಿಗೇ ನಿಂತಿತು. ಪರಮಾನಂದ ತಲೆ ತಗ್ಗಿಸಿ ನೀರು ಕುಡಿದ.

ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ದುರಗೇಶ ಹೇಳಿದ. ತೇರದಾಳದ ಹುಡುಗಿ, ಭಾಗ್ಯಾ ಅಂತ. ಹಿರಿಯರು ನೋಡಿದ್ದಾರೆ. "ಅಕಿಗಿ ಎಲ್ಲಾ ಹೇಳೇನ್ರಿ ಅಕ್ಕಾರ. ಕೂಸು ಮನಿಗೆ ಬರ್ಲಿ ಅಂತ ಅಕಿನಽ ಅಂದಾಳ. ಆದ್ರೂ... ನೀವು ಬ್ಯಾಡ ಅಂದ್ರ ನಾ ಒಯ್ಯಂಗಿಲ್ಲ. ನನಗ ಬಾಯಿಲ್ಲ ಕೇಳಾಕ."

ಅವನೇ ಮುಂದುವರಿಸಿದ, ನೆಲ ನೋಡುತ್ತ. "ಅಂಜನಾನ ಕಣ್ಣು ಅದಾವ್ರಿ ಅಕಿ ಮುಖದಾಗ. ವಾರಕ್ಕೊಮ್ಮೆ ನೋಡಿ ಹೊಳ್ಳಿ ಹೋಗ್ತೇನಿ. ಹೋಗೂ ದಾರ್‍ಯಾಗ ಅನಸ್ತೈತಿ, ನನ್ನ ಮಗಳಿಗೆ ನಾ ಬರೇ ಗಾಡಿ."

ಸುವರ್ಣಾ ಎದ್ದು ಒಳಗೆ ಹೋದಳು. ಹಿಂದೆಯೇ ಪರಮಾನಂದ ಬಂದ. "ಕೇಳಲೇನು? ನಮಗಽ ಕೊಟ್ಟಬಿಡು ಅಂತ ಕೇಳಲೇನು? ಅಂವ ಒಲ್ಲೆ ಅನ್ನೂದಿಲ್ಲ."

"ಅದಕ್ಕಽ ಕೇಳಬ್ಯಾಡ್ರಿ" ಅಂದಳು ಅವಳು. "ಹೆಣತೀನ ಕಳಕೊಂಡಾವಗ ಮಗಳ್ನೂ ಕೊಡು ಅಂತ ಯಾ ಬಾಯಿಲೆ ಕೇಳ್ತೀರಿ?"

ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಒಯ್ಯಿ ತಮ್ಮಾ. ನಾ ಬ್ಯಾಡ ಅನ್ನಂಗಿಲ್ಲ."

ಮದುವೆ ಸರಳವಾಗಿ ಆಯಿತು. ಮಗುವಿಗೆ ರೂಢಿಯಾಗಲಿ ಅಂತ ಭಾಗ್ಯಾ ಹುನ್ನೂರಿಗೆ ಬಂದು ಕೆಲವು ದಿನ ಉಳಿದಳು. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಮಾತು ಕಡಿಮೆ, ಕಣ್ಣಲ್ಲಿ ಅಂಜಿಕೆ. ಸುವರ್ಣಾ ಅವಳನ್ನು ದ್ವೇಷಿಸಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಆ ಹುಡುಗಿ ಮಗುವಿನ ಫ್ರಾಕನ್ನು ಒಗೆಯುವಾಗ ಕಾಲರಿನ ಕೊಳೆಯನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೆಗೆಯುತ್ತಿದ್ದುದನ್ನು ನೋಡಿ ಅದೂ ಆಗಲಿಲ್ಲ.

ಆ ದಿನಗಳಲ್ಲಿ ಸುವರ್ಣಾ ಬಿಟ್ಟ ಪಾಠವನ್ನು ಮತ್ತೆ ಹಿಡಿದಳು.

"ದೊಡ್ಡವ್ವ ಅನ್ನು."

"ಅವ್ವಾ."

"ಹಂಗಲ್ಲ. ದೊಡ್ಡ... ವ್ವ."

"ಬ್ಯಾಡ. ಅವ್ವಾ."

"ಹಂಗಾದ್ರ ಅಕಿ ಯಾರು?"

"ಭಾಗ್ಯಾ."

ಸುವರ್ಣಾಳ ದನಿ ಏರಿತು. "ಅಕಿ ಅವ್ವ. ನಾ ದೊಡ್ಡವ್ವ. ಅನ್ನು!" ಹುಡುಗಿ ತುಟಿ ಮುಂದೆ ಮಾಡಿತು, ಗಲ್ಲ ನಡುಗಿತು. ಭಾಗ್ಯಾ ಒಲೆಯ ಹತ್ತಿರದಿಂದ ಎದ್ದು ಬಂದಳು. "ಇರ್ಲಿ ಬಿಡ್ರಿ ಅಕ್ಕಾರ. ತಾನಾಗಿ ಬಂದಾಗ ಬರ್ಲಿ. ನನಗ ಅವಸರ ಇಲ್ಲ."

ಹೊರಡುವ ದಿನ ಬಾಡಿಗೆಯ ಕಾರು ಬಾಗಿಲಿಗೆ ಬಂತು. ರೇಷ್ಮಾಳಿಗೆ ಹಬ್ಬ. ಓಣಿಯ ಹುಡುಗರಿಗೆಲ್ಲ "ನಾ ಕಾರು, ನಾ ಕಾರು" ಅಂತ ಹೇಳಿಬಂದಳು. ಎತ್ತಿಕೊಳ್ಳಲು ಹೋದ ದುರಗೇಶನನ್ನು ತಳ್ಳಿ "ನಾನಽ" ಅಂತ ಮೊಣಕಾಲೂರಿ ತಾನೇ ಹತ್ತಿ ಕುಳಿತಳು. ಭಾಗ್ಯಾ ಒಂದು ಪಕ್ಕ ಕುಳಿತಳು. ಇನ್ನೊಂದು ಪಕ್ಕದ ಖಾಲಿ ಸೀಟನ್ನು ಹುಡುಗಿ ಅಂಗೈಯಿಂದ ತಟ್ಟಿ ತೋರಿಸಿದಳು.

"ಅವ್ವಾ, ಬಾ. ಹತ್ತು."

ಸುವರ್ಣಾ ಕಿಟಕಿಯ ಹತ್ತಿರ ಬಾಗಿ ಅವಳ ಕೂದಲು ಸರಿ ಮಾಡಿದಳು. "ನೀ ಮುಂದ ನಡಿ. ನಾ ಹಿಂದಿಂದ ಬಸ್ಸಿಗೆ ಬರ್ತೇನಿ."

"ಜಾಗಾ ಐತಿ ಅವ್ವಾ. ಹತ್ತು."

ಅಷ್ಟು ಸ್ಪಷ್ಟವಾಗಿ ಹೇಳಿದಳು. ಮತ್ತೆ ಸೀಟು ತಟ್ಟಿದಳು. ದುರಗೇಶ ಡ್ರೈವರನಿಗೆ ಸನ್ನೆ ಮಾಡಿದ. ಕಾರು ಜಮಖಂಡಿಯ ರಸ್ತೆಗೆ ತಿರುಗುವ ತನಕ ಒಳಗಿನಿಂದ ಕೂಗು ಕೇಳುತ್ತಿತ್ತು. ತಿರುಗಿದ ಮೇಲೂ ಕೇಳುತ್ತಿದೆ ಅಂತ ಸುವರ್ಣಾ ಕಿವಿ ಮುಚ್ಚಿಕೊಂಡಳು. ಓಣಿಯಲ್ಲಿ ಆಗ ಯಾವ ಸಪ್ಪಳವೂ ಇರಲಿಲ್ಲ.

ಕೆಲವೇ ದಿನಕ್ಕೆ ಭಾಗ್ಯಾಳ ಫೋನು ಬಂತು. ಅವಳು ಅಳುತ್ತಿದ್ದಳು. "ಅಕ್ಕಾರ, ಉಣ್ಣವಲ್ಲಳ್ರಿ. ಗಂಗಾಳಕ್ಕ ಕೈಯಽ ಹಚ್ಚವಲ್ಲಳು. ನಾ ತಿನಸಾಕ ಹೋದ್ರ ಬಾಯಿ ಬಿಗೀತಾಳ. ಬಾಗಲಾ ನೋಡಕೋತ ಕುಂಡ್ರತಾಳ, 'ಅವ್ವ ಹೋತು' ಅಂತಾಳ. ಜ್ವರನೂ ಬಂದಾವು."

ಸುವರ್ಣಾ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಬೀಳಗಿಯ ಆ ಮನೆಯ ಹೊಸ್ತಿಲು ದಾಟುವುದೇ ತಡ, ರೇಷ್ಮಾ ಎದ್ದು ಬಂದು ತೊಡೆಯೇರಿ, ಏನೂ ಮಾತಾಡದೆ, ಬಾಯಿ ತೆರೆದಳು. ಹಕ್ಕಿಮರಿಯ ಹಾಗೆ. ಎಲ್ಲವನ್ನೂ ನಾನೇ ನಾನೇ ಅನ್ನುತ್ತಿದ್ದ ಹುಡುಗಿ ಅದು. ಸುವರ್ಣಾ ಹಾಲಲ್ಲಿ ರೊಟ್ಟಿ ಮುರಿದು, ಬೆಲ್ಲ ಕಲಸಿ ತಿನ್ನಿಸಿದಳು. ಮಗು ಗಬಗಬ ನುಂಗಿತು. ಸುವರ್ಣಾಳ ಒಳಗೆ ಎಲ್ಲೋ ಒಂದು ಕಡೆ, ನೋಡು, ನನ್ನ ಕೈಯೇ ಬೇಕು ಇದಕ್ಕೆ, ಅಂತ ಹಿಗ್ಗಾಯಿತು. ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು.

"ನನ್ನ ಕೈಯಾಗ ಏನ ಕಡಿಮಿ ಐತ್ರಿ ಅಕ್ಕಾರ?" ಅಂದಳು. ಜಗಳದ ದನಿಯಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ್ದು.

ಸುವರ್ಣಾಳ ಹಿಗ್ಗು ಅಲ್ಲೇ ಸತ್ತಿತು. ಈ ಮನೆಯಲ್ಲಿ ಒಂದು ಮಗು ಹಸಿದು ಕುಳಿತಿತ್ತು. ಗಂಗಾಳದಿಂದ ಸರಿಸಿ ಸರಿಸಿ ಆ ಪುಟ್ಟ ಕೈಗೆ ಕಾಯುವುದನ್ನು ಕಲಿಸಿದವಳು ತಾನೇ.

ಮರುದಿನ ಊಟದ ಹೊತ್ತಿಗೆ ಅವಳು ತನ್ನ ಬಲಗೈಗೆ ಒಂದು ಕರವಸ್ತ್ರ ಸುತ್ತಿಕೊಂಡು ಬಂದು ಕುಳಿತಳು. ರೇಷ್ಮಾ ಬಾಯಿ ತೆರೆದಳು.

"ಇವತ್ತ ನನಗ ಆಗಂಗಿಲ್ಲವ್ವ. ಕೈಗೆ ಬಾವು ಆಗೈತಿ."

ಹುಡುಗಿ ಬಾಯಿ ಮುಚ್ಚಿ ಕೈಯನ್ನು ನೋಡಿದಳು. ಬಾಗಿ ಉಫ್ ಅಂತ ಊದಿದಳು. ಆಮೇಲೆ ಬಹಳ ಹೊತ್ತು ಯೋಚಿಸುವವಳ ಹಾಗೆ ಕುಳಿತು, ಗಂಗಾಳಕ್ಕೆ ಕೈ ಹಾಕಿ, ಅನ್ನ ಮೊಸರು ಹಿಚುಕಿ, ಒಂದು ತುತ್ತು ಮಾಡಿ ಎತ್ತಿದಳು. ತನ್ನ ಬಾಯಿಗಲ್ಲ, ಸುವರ್ಣಾಳ ಬಾಯಿಗೆ.

"ಉಣ್ಣು ಅವ್ವಾ. ನಾ ತಿನಸ್ತೇನಿ."

ಸುವರ್ಣಾ ಬಾಯಿ ತೆರೆದಳು. ಬೆರಳ ಸಂದಿಯಿಂದ ಮೊಸರು ಸುರಿದು ಅವಳ ಸೆರಗೆಲ್ಲ ಬಿಳಿಯಾಯಿತು. ಹೇಗೋ ನುಂಗಿ, ಕಣ್ಣೀರು ಒರೆಸಿಕೊಂಡು, "ಭಾಗ್ಯಾಗೂ ಹಸಿವಿ ಆಗೈತೆಲ್ಲವಾ" ಅಂದಳು. ಹುಡುಗಿ ಭಾಗ್ಯಾಳ ಕಡೆ ತಿರುಗಿದಳು. ಭಾಗ್ಯಾ ಉಸಿರು ಹಿಡಿದು ಕುಳಿತಿದ್ದಳು. ಇನ್ನೊಂದು ತುತ್ತು ಎದ್ದಿತು. ಭಾಗ್ಯಾ ಕಣ್ಣು ಮುಚ್ಚಿ ಬಾಯಿ ತೆರೆದಳು. ಆಮೇಲೆ ಒಂದು ತುತ್ತು ಹುಡುಗಿಯ ಬಾಯಿಗೇ ಹೋಯಿತು. ಮತ್ತೆ ಭಾಗ್ಯಾಳಿಗೆ. ಭಾಗ್ಯಾ ಅದರ ಬೆರಳು ಕಚ್ಚುವ ಹಾಗೆ ಮಾಡಿದಳು. ಹುಡುಗಿ ಕಿಲಕಿಲ ನಕ್ಕಿತು. ಆ ನಗುವಿನ ನಡುವೆ ಸುವರ್ಣಾ ಸದ್ದು ಮಾಡದೆ ಎದ್ದು, ಚೀಲ ತೆಗೆದುಕೊಂಡು, ಹಿತ್ತಲ ಬಾಗಿಲಿನಿಂದ ಹೊರಗೆ ಬಂದಳು.

ದುರಗೇಶ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದ. ಬಸ್ಸು ನಿಂತಿತ್ತು. ಅವಳು ಕೈಯ ಕರವಸ್ತ್ರ ಬಿಚ್ಚಿ ಚೀಲದಲ್ಲಿ ಹಾಕಿದಳು.

"ನಾ ಸದ್ಯಕ್ಕ ಬರಂಗಿಲ್ಲ ತಮ್ಮಾ. ನೀವೂ ಕರಕೊಂಡ ಬರಬ್ಯಾಡ್ರಿ. ನನ್ನ ನೋಡಿದಷ್ಟೂ ಅಕಿ ಹಿಂದಕ ಹೋಗ್ತಾಳ."

"ಅಕ್ಕಾರ, ಹಂಗ ಅನಬ್ಯಾಡ್ರಿ..."

"ಅಂಜನಾ ಇದ್ದಿದ್ರ ನಾ ವರ್ಷಕ್ಕೊಮ್ಮೆ ಬರೂ ದೊಡ್ಡವ್ವ ಆಗಿರ್ತಿದ್ದೆ. ಹಂಗಽ ಅನಕೋರಿ."

ಮಂದಿಯ ನಡುವೆಯೇ ದುರಗೇಶ ಅತ್ತುಬಿಟ್ಟ. ಅವಳು ಅಳಲಿಲ್ಲ. ಕಂಡಕ್ಟರನಿಂದ ತಿಕೀಟು ತೆಗೆದುಕೊಂಡು ಕಿಟಕಿಯ ಪಕ್ಕ ಕುಳಿತಳು.

ಮಾತಿಗೆ ತಪ್ಪಲಿಲ್ಲ. ಆ ಮಳೆಗಾಲ, ಆ ಚಳಿಗಾಲ ಅವಳು ಬೀಳಗಿಯ ದಾರಿ ಹಿಡಿಯಲಿಲ್ಲ. ಅಂಗನವಾಡಿಯಲ್ಲಿ ಹುಡುಗರಿಗೆ ಬಡಿಸುವ ಕೆಲಸವನ್ನು ಕಸ್ತೂರೆವ್ವ, ಯಾರೂ ಹೇಳದೆಯೇ, ತನ್ನ ಮೇಲೆ ಹಾಕಿಕೊಂಡಳು. ಪರಮಾನಂದ ತೊಟ್ಟಿಲ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ಒಂದೆರಡು ಸಲ ಅವನು ಕೆಲಸದ ನೆಪ ಹೇಳಿ ಹೋಗಿ ತಡವಾಗಿ ಬಂದ. ಬೀಳಗಿಗೆ ಹೋಗಿ ಆ ಮನೆಯ ಮುಂದಿನ ರಸ್ತೆಯಲ್ಲಿ ನಿಂತು ಬಂದಿದ್ದ ಅಂತ ಅವಳಿಗೆ ಆಮೇಲೆ ತಿಳಿಯಿತು. ಅವಳು ಬೈಯಲಿಲ್ಲ. "ಹೆಂಗ ಅದಾಳ?" ಅಂತಷ್ಟೇ ಕೇಳಿದಳು. "ಎತ್ತರ ಆಗ್ಯಾಳ" ಅಂದ.

ಫೋನಿನಲ್ಲಿ ಆಗೀಗ ಭಾಗ್ಯಾ ಮುಖ ತೋರಿಸುತ್ತಿದ್ದಳು. ಮೊದಲು ಮೊದಲು ರೇಷ್ಮಾ ಫೋನನ್ನೇ ತಬ್ಬಿಕೊಳ್ಳುತ್ತಿದ್ದಳು. ಆಮೇಲೆ ಹೊಸ ಬೂಟು ತೋರಿಸಿದಳು, ಹಾಡು ಹೇಳಿದಳು. ಬರಬರುತ್ತ ಆಟ ಬಿಟ್ಟು ಬರಲು ಒಲ್ಲೆ ಅಂದಳು. ಒಂದು ಸಂಜೆ ಸುವರ್ಣಾ ಏನೋ ಕೇಳುತ್ತಿದ್ದಂತೆ ಹುಡುಗಿ ಹಿಂದೆ ತಿರುಗಿ ನೋಡಿ, "ನಮ್ಮವ್ವ ಕರ್‍ಯಾಕತ್ತಾಳ, ಇಡ್ತೇನಿ" ಅಂದು ಫೋನು ಕಟ್ ಮಾಡಿತು. ಸುವರ್ಣಾ ಕತ್ತಲಾದ ಪರದೆಯನ್ನು ಹಿಡಿದು ಕುಳಿತಳು. ಆಗಬೇಕಾದದ್ದು ಇದೇ ಆಗಿತ್ತು. ಇದಕ್ಕಾಗಿಯೇ ಅವಳು ಹಿತ್ತಲ ಬಾಗಿಲಿನಿಂದ ಬಂದದ್ದು. ಆದರೂ ಮತ್ತೆ ಫೋನು ಬಂದೀತು ಅಂತ ಅವಳು ಅದನ್ನು ಕೈಯಿಂದ ಕೆಳಗಿಡಲಿಲ್ಲ.

ಮರುವರ್ಷ ಬೇಸಿಗೆ ಹತ್ತಿರವಾದಾಗ ಒಂದು ಭಾನುವಾರ ಅವರು ಮೂವರೂ ಹುನ್ನೂರಿಗೆ ಬಂದರು. ಸುವರ್ಣಾ ಮುಂಜಾನೆಯಿಂದ ಒಳಗೂ ಹೊರಗೂ ತಿರುಗಿದ್ದಳು. ರೇಷ್ಮಾ ಭಾಗ್ಯಾಳ ಕೈ ಹಿಡಿದು ಬಸ್ ಸ್ಟ್ಯಾಂಡಿನಿಂದ ನಡೆದು ಬಂದಳು. ಎರಡು ಜಡೆ, ಹಸಿರು ಫ್ರಾಕು, ಮುಂದಿನ ಹಲ್ಲಿನ ಸಾಲು ಅಂಜನಾಳದೇ. "ದೊಡ್ಡವ್ವಗ ನಮಸ್ಕಾರ ಮಾಡು" ಅಂದಳು ಭಾಗ್ಯಾ. ಹುಡುಗಿ ಕೈಜೋಡಿಸಿ, "ನಮಸ್ಕಾರ ದೊಡ್ಡವ್ವ" ಅಂದಳು. ಒಂದಕ್ಷರ ತೊದಲಲಿಲ್ಲ.

"ಶಾಣ್ಯಾ ಆಗಿ ನೋಡು" ಅಂದಳು ಸುವರ್ಣಾ.

ಹುಡುಗಿ ಮನೆಯೆಲ್ಲ ಓಡಾಡಿದಳು. ಅಡುಗೆಮನೆಗೆ ಇಣುಕಿದಳು, ಮಂಚ ಹತ್ತಿ ಇಳಿದಳು, ಗೋಡೆಯ ಫೋಟೋ ನೋಡಿದಳು. ಎಲ್ಲವನ್ನೂ ಹೊಸ ಮನೆ ನೋಡುವವರ ಹಾಗೆ. ಆಮೇಲೆ ಪಡಸಾಲೆಯ ನಡುವೆ ನಿಂತು ಕೇಳಿದಳು.

"ದೊಡ್ಡವ್ವ, ಇದು ನಿಮ್ಮ ಮನಿ ಏನು?"

"ಹೂಂ."

"ಇಲ್ಲಿ ಹುಡುಗ್ರು ಇಲ್ಲೇನು?"

ದುರಗೇಶ ಚಹಾದ ಕಪ್ಪು ಕೆಳಗಿಟ್ಟ. ಪರಮಾನಂದ ಬೀದಿಯ ಕಡೆ ಎದ್ದು ಹೋದ.

"ಒಬ್ಬಾಕಿ ಇದ್ಲು" ಅಂದಳು ಸುವರ್ಣಾ. "ದೊಡ್ಡಾಕಿ ಆದ್ಲು. ಹೋದ್ಲು."

"ಸಾಲಿಗೇ?"

"ಹೂಂವ್ವ. ಸಾಲಿಗೆ."

ಹುಡುಗಿಗೆ ಅಷ್ಟು ಸಾಕಾಯಿತು. ತಾನೂ ಸಾಲಿಗೆ ಹೋಗುತ್ತೇನೆ, ನೀಲಿ ಚೀಲ ಕೊಡಿಸುತ್ತಾರೆ ಅಂತ ಹೇಳಿದ್ದೇ ಹೇಳಿದ್ದು. ಸುವರ್ಣಾ ಮುಂದೆ ಕುಳಿತು ಎಲ್ಲವನ್ನೂ ಕೇಳಿದಳು, ಚೀಲದ ಮೇಲೆ ಯಾವ ಚಿತ್ರ ಇರಬೇಕು ಅಂತ ವಿಚಾರಿಸಿದಳು, ಹೋಳಿಗೆಯ ತುದಿ ಮುರಿದು ಅದರ ಕೈಗೆ ಕೊಟ್ಟಳು.

ಮಧ್ಯಾಹ್ನ ಹುಡುಗಿ ಆಡಿ ದಣಿದು ಭಾಗ್ಯಾಳ ತೊಡೆಯ ಮೇಲೆ ನಿದ್ದೆ ಹೋದಳು. ಹೊರಡುವ ಹೊತ್ತಾದರೂ ಏಳಲಿಲ್ಲ. ಎಬ್ಬಿಸಬೇಡಿರಿ ಅಂತ ಸುವರ್ಣಾಳೇ ಅಂದಳು. ದುರಗೇಶ ಹೆಗಲ ಮೇಲೆ ಹಾಕಿಕೊಂಡು ನಡೆದ. ಭಾಗ್ಯಾ ಬಾಗಿಲಲ್ಲಿ ನಿಂತು, ಬಾಗಿ ಸುವರ್ಣಾಳ ಕಾಲು ಮುಟ್ಟಿದಳು. ಸುವರ್ಣಾ ಅವಳನ್ನು ಎತ್ತಿ, "ಬಿಸಲಾಗ ತಲಿ ಮ್ಯಾಲ ಸೆರಗು ಹೊಚ್ಚು ಅಕಿಗಿ" ಅಂದಳು.

ಅವರು ಹೋದ ಮೇಲೆ ಪರಮಾನಂದ ಒಳಗೆ ಬಂದ. ಹುಡುಗಿ ಅರ್ಧ ತಿಂದು ಬಿಟ್ಟ ಹೋಳಿಗೆ ಮಂಚದ ಮೇಲಿತ್ತು. ಅವನು ಅದನ್ನು ಎತ್ತಿಡಲು ಬಾಗಿದ. "ಇರ್ಲಿ, ಮುಟ್ಟಬ್ಯಾಡ್ರಿ" ಅಂದಳು ಸುವರ್ಣಾ. ಹಾಗಂದವಳೇ ನೆಲಕ್ಕೆ ಕುಸಿದು, ಆಂಬುಲೆನ್ಸಿನಲ್ಲಿ ಅಳದವಳು, ಬಸ್ ಸ್ಟ್ಯಾಂಡಿನಲ್ಲಿ ಅಳದವಳು, ಬಾಯಿಬಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಅತ್ತಳು. ಪರಮಾನಂದ ಬಾಗಿಲು ಮುಂದೆ ಮಾಡಿ ಅವಳ ಪಕ್ಕಕ್ಕೆ ಬಂದು ಕುಳಿತ. ಹೊತ್ತು ಇಳಿಯುವ ತನಕ ಇಬ್ಬರೂ ಹಾಗೆಯೇ ಕುಳಿತಿದ್ದರು.